ಹೆಸರು ಕೊನೆಗಿರಲಿ: ಕರ್ನಾಟಕದ ಮರ, ಪೊದೆ, ಕಾಡುಹೂಗಳನ್ನು ಗುರುತಿಸುವ ಬಗೆ

ತುಂಬಾ ವರ್ಷಗಳ ಹಿಂದಿನ ಮಾತು. ಮಲೆನಾಡಿನ ಒಂದು ಕಾಡಂಚಿನಲ್ಲಿ ನಡೆಯುತ್ತಿದ್ದಾಗ ಕೈಗೆಟುಕುವಷ್ಟು ಎತ್ತರದಲ್ಲಿ ಒಂದು ಕೊಂಬೆ ಕಂಡಿತು. ಉದ್ದನೆಯ, ದಪ್ಪ, ಹೊಳೆಯುವ ಎಲೆಗಳು ತುದಿಯಲ್ಲಿ ಗುಂಪಾಗಿದ್ದವು. ನೋಡಿದ ತಕ್ಷಣ ಕಾಡುಮಾವು ಅಂದುಕೊಂಡೆ. ಮಾವಿನ ವಾಸನೆ ಬರುತ್ತದಾ ನೋಡೋಣ ಅಂತ ಒಂದು ಎಲೆಯ ತೊಟ್ಟು ಮುರಿದೆ. ಹಿಂದೆ ಬರುತ್ತಿದ್ದ ಅದೇ ಊರಿನ ಹಿರಿಯರು ಕೂಗಿದರು: "ಅಯ್ಯೋ, ಅದನ್ನ ಯಾಕೆ ಮುಟ್ಟಿದೆ ಮಾರಾಯ! ಅದು ಹೊಳಗೇರು." ಬೆರಳಿಗೆ ತಾಗಿದ ರಸ ನೋಡನೋಡುತ್ತಿದ್ದಂತೆ ಕಪ್ಪಾಯಿತು. ಮರುದಿನ ಅಲ್ಲೆಲ್ಲ ಗುಳ್ಳೆ ಎದ್ದವು. ವಾಸಿಯಾಗಲು ಎರಡು ವಾರ ಹಿಡಿಯಿತು.

ಮಾವು, ಗೇರು, ಹೊಳಗೇರು ಮೂರೂ ಒಂದೇ ಕುಟುಂಬದವು. ಹಾಗಾಗಿ ಎಲೆ ಹೋಲುವುದು ಸಹಜ. ಆದರೆ ಹೊಳಗೇರಿನ ಎಲೆತೊಟ್ಟಿನ ಮೇಲೆ ಎರಡು ಪುಟ್ಟ ಕೊಂಬಿನಂಥ ಚಾಚು ಇರುತ್ತವೆ, ಕೆಲವು ಉದುರಿಹೋಗಿದ್ದರೂ ಎಳೆ ಎಲೆಗಳಲ್ಲಿ ಸಿಕ್ಕೇ ಸಿಗುತ್ತವೆ. ಕಾಂಡದ ಮೇಲೆ ಗಾಯವಾದ ಕಡೆ ಕಪ್ಪು ಕಲೆ ಹರಿದಿರುತ್ತದೆ. ಎರಡೂ ಅವತ್ತು ನನ್ನ ಕಣ್ಣ ಮುಂದೆಯೇ ಇದ್ದವು. ನಾನು ನೋಡಲಿಲ್ಲ. ಯಾಕೆಂದರೆ ಹೆಸರು ಆಗಲೇ ಸಿಕ್ಕಿಬಿಟ್ಟಿತ್ತು. ಮನಸ್ಸಿಗೆ ಹೆಸರು ಬಂತೆಂದರೆ ಕಣ್ಣು ಹುಡುಕುವುದನ್ನು ಬಿಟ್ಟುಬಿಡುತ್ತದೆ.

ಆಮೇಲೆ ನಾನು ಒಂದು ಕ್ರಮ ಇಟ್ಟುಕೊಂಡೆ: ಜಾಗ, ಆಕಾರ, ಎಲೆ, ತೊಗಟೆ, ಹಾಲು, ಹೂ, ಕಾಯಿ. ಇಷ್ಟೂ ನೋಡಿದ ಮೇಲೆ ಹೆಸರು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಉದಾಹರಣೆಗಳೆಲ್ಲ ಕರ್ನಾಟಕದ ಮಲೆನಾಡು, ಬಯಲುಸೀಮೆ, ಕರಾವಳಿಯಲ್ಲಿ ಸಿಗುವ ಗಿಡಮರಗಳು.

ಹೊರಡುವ ಮುಂಚೆ

ಸಾಮಾನು ಜಾಸ್ತಿ ಬೇಡ. ಒಂದು ಸಣ್ಣ ನೋಟ್‌ಬುಕ್, ಪೆನ್ಸಿಲ್, ಫೋನು. 10 ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಮಸೂರ ಒಂದು ಇದ್ದರೆ ತುಂಬಾ ಒಳ್ಳೆಯದು. ಎಲೆಯ ಮೇಲಿನ ಕೂದಲು, ಸಣ್ಣ ಹೂವಿನ ಕೇಸರ ಇವೆಲ್ಲ ಬರಿಗಣ್ಣಿಗೆ ಕಾಣುವುದಿಲ್ಲ. ಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಎಲೆಯನ್ನು ಅದರ ಹತ್ತಿರ ತನ್ನಿ. ಮಸೂರವನ್ನು ದೂರ ಹಿಡಿದು ಬಗ್ಗಿ ನೋಡಿದರೆ ಏನೂ ಸರಿಯಾಗಿ ಕಾಣುವುದಿಲ್ಲ. ಪೆನ್ಸಿಲ್ ಯಾಕೆ ಅಂದರೆ, ಮಳೆಗಾಲದಲ್ಲಿ ಪೆನ್ನಿನ ಶಾಯಿ ಹರಡುತ್ತದೆ. ಅಳತೆಗೆ ನಿಮ್ಮ ಗೇಣು, ಬೆರಳು ಸಾಕು. ಒಮ್ಮೆ ಮನೆಯಲ್ಲಿ ಅಳೆದು ಇಟ್ಟುಕೊಳ್ಳಿ.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಎಲೆ, ಹೂ, ಬೀಜ ಏನನ್ನೂ ಕೀಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಿಡಮರಗಳಿಗೂ ಅನ್ವಯಿಸುತ್ತದೆ. ಮೀಸಲು ಅರಣ್ಯಕ್ಕೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ. ನಿಜ ಹೇಳಬೇಕೆಂದರೆ ಕಲಿಯಲು ದಟ್ಟ ಕಾಡೇ ಬೇಕೆಂದಿಲ್ಲ. ಕೆರೆ ಏರಿ, ಹಳ್ಳದ ದಂಡೆ, ಗುಡ್ಡದ ಬುಡ, ಹೊಲದ ಬದು ಇವೆಲ್ಲ ಒಳ್ಳೆಯ ಪಾಠಶಾಲೆಗಳು. ಬೆಂಗಳೂರಿನಲ್ಲಿದ್ದರೆ ಲಾಲ್‌ಬಾಗ್‌ನಲ್ಲಿ ಹಲವು ಮರಗಳಿಗೆ ಹೆಸರಿನ ಫಲಕ ಇದೆ. ಆದರೆ ಅಲ್ಲಿರುವ ಎಷ್ಟೋ ಮರಗಳು ಬೇರೆ ದೇಶದಿಂದ ತಂದು ನೆಟ್ಟವು, ಅದು ನೆನಪಿರಲಿ.

ಮೊದಲು ಹತ್ತು ಹೆಜ್ಜೆ ದೂರದಿಂದ

ಗಿಡದ ಹತ್ತಿರ ಓಡಬೇಡಿ. ಹತ್ತು ಹೆಜ್ಜೆ ಹಿಂದೆ ನಿಂತು ಸುತ್ತ ನೋಡಿ. ಯಾವ ಜಾಗ ಇದು? ನೀರಿನ ದಡವಾ, ಕಲ್ಲುಗುಡ್ಡವಾ, ಎಲೆ ಉದುರಿಸುವ ಕಾಡಾ, ವರ್ಷವಿಡೀ ಹಸಿರಾಗಿರುವ ಕಾನಾ? ಇಷ್ಟರಿಂದಲೇ ಅರ್ಧ ಹೆಸರುಗಳು ಪಟ್ಟಿಯಿಂದ ಹೊರಗೆ ಹೋಗುತ್ತವೆ. ಹೊಳೆಮತ್ತಿಯನ್ನು ಒಣ ಗುಡ್ಡದ ನೆತ್ತಿಯ ಮೇಲೆ ಯಾರೂ ಹುಡುಕುವುದಿಲ್ಲ, ಹೆಸರಲ್ಲೇ ಹೊಳೆ ಇದೆ. ದಿಂಡಿಗ, ತೇಗ, ಹೊನ್ನೆ, ಮತ್ತಿ ಎಲೆ ಉದುರಿಸುವ ಕಾಡಿನವು. ರಾಮಪತ್ರೆಗೆ ತೇವ ಬೇಕು. ಅದರ ಹತ್ತಿರದ ಬಂಧುಗಳು ಉತ್ತರ ಕನ್ನಡದ ಕತ್ತಲೆಕಾನಿನಂಥ ಕಡೆ ಸದಾ ನೀರು ನಿಲ್ಲುವ ಜೌಗಿನಲ್ಲೇ ಬೆಳೆಯುತ್ತವೆ, ಬೇರನ್ನು ಮೊಣಕಾಲಿನಂತೆ ಮಡಚಿ ಕೆಸರಿನಿಂದ ಮೇಲಕ್ಕೆ ಎತ್ತಿರುತ್ತವೆ.

ಆಮೇಲೆ ಆಕಾರ. ನೆಲದಿಂದ ಒಂದೇ ಕಾಂಡ ಎದ್ದು ಮೇಲೆ ಕೊಂಬೆ ಒಡೆದರೆ ಮರ. ಬುಡದಿಂದಲೇ ಹಲವು ಕಾಂಡ ಎದ್ದರೆ ಪೊದೆ. ಆದರೆ ಕಡಿದ ಮರ ಚಿಗುರಿದರೂ ಪೊದೆಯಂತೆಯೇ ಕಾಣುತ್ತದೆ, ಬುಡದಲ್ಲಿ ಹಳೆಯ ಮೋಟು ಇದೆಯಾ ನೋಡಿ. ಬೂರುಗದ ಕೊಂಬೆಗಳು ಮಹಡಿ ಮಹಡಿಯಾಗಿ ನೇರ ಅಡ್ಡಕ್ಕೆ ಚಾಚುತ್ತವೆ. ತಾರೆಯ ಎಲೆಗಳು ಕೊಂಬೆಯ ತುದಿಯಲ್ಲಿ ಮಾತ್ರ ಗುಂಪಾಗಿರುತ್ತವೆ, ಉಳಿದ ಕೊಂಬೆ ಬೋಳು. ಬೈನೆಯ ಗರಿ ಇನ್ನಾವ ತಾಳೆಯಂತೆಯೂ ಇಲ್ಲ, ತುದಿ ಹರಿದ ಮೀನಿನ ಬಾಲದಂತೆ. ಇಂಥವನ್ನು ದೂರದಿಂದಲೇ ಹೇಳಿಬಿಡಬಹುದು.

ಎಲೆ: ಇಲ್ಲಿ ಆತುರ ಬೇಡ

ಎಲ್ಲರೂ ಹೂವಿಗಾಗಿ ಕಾಯುತ್ತಾರೆ. ಹೂ ವರ್ಷದಲ್ಲಿ ಎರಡು ವಾರ ಇರಬಹುದು, ಎಲೆ ಎಂಟು ಹತ್ತು ತಿಂಗಳು ಇರುತ್ತದೆ. ಎಲೆ ಓದಲು ಕಲಿತರೆ ಕಾಡು ಬಹಳಷ್ಟು ದಿನ ನಿಮ್ಮ ಜೊತೆ ಮಾತಾಡುತ್ತದೆ. ಹಾಗಾಗಿ ಈ ಭಾಗಕ್ಕೆ ಹೆಚ್ಚು ಹೊತ್ತು ಕೊಡಿ.

ಮೊದಲ ಪ್ರಶ್ನೆ: ಎಲೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ? ಬೇವಿನ ಒಂದು ಕಡ್ಡಿ ಕೈಗೆ ತೆಗೆದುಕೊಳ್ಳಿ. ನಾವು "ಬೇವಿನ ಎಲೆ" ಅನ್ನುವ ಆ ಸಣ್ಣ, ಅಂಚು ಗರಗಸದಂತಿರುವ, ಕುಡುಗೋಲಿನಂತೆ ಬಾಗಿದ ಹಸಿರು ತುಣುಕು ಪೂರ್ತಿ ಎಲೆ ಅಲ್ಲ. ಅದರ ಬುಡದಲ್ಲಿ ಮೊಗ್ಗು ಇದೆಯಾ ನೋಡಿ. ಇಲ್ಲ. ಈಗ ಆ ತುಣುಕುಗಳೆಲ್ಲ ಕೂತಿರುವ ಉದ್ದ ಕಡ್ಡಿಯ ಬುಡಕ್ಕೆ ಹೋಗಿ. ಕಡ್ಡಿ ಕೊಂಬೆಗೆ ಸೇರುವ ಕಂಕುಳಲ್ಲಿ ಪುಟ್ಟ ಮೊಗ್ಗು ಇದೆ, ಅಲ್ವಾ? ಮೊಗ್ಗು ಎಲ್ಲಿದೆಯೋ ಅಲ್ಲಿಂದ ಎಲೆ ಶುರು. ಅಂದರೆ ಬೇವಿನ ಒಂದು ಎಲೆ ಒಂದು ಗೇಣಿಗಿಂತ ಉದ್ದ, ಸಣ್ಣ ತುಣುಕುಗಳು ಅದರ ಕಿರುಎಲೆಗಳು. ಇದು ಸಂಯುಕ್ತ ಎಲೆ. ಮಾವು, ಹಲಸು, ತೇಗದಲ್ಲಿ ಪ್ರತಿ ಎಲೆಯ ಕಂಕುಳಲ್ಲೂ ಮೊಗ್ಗು ಇದೆ, ಅವು ಸರಳ ಎಲೆಗಳು. ಈ ಒಂದು ಪರೀಕ್ಷೆ ಗೊತ್ತಿಲ್ಲದೆ ಹೋದರೆ ಮುಂದಿನ ಎಲ್ಲ ಹೆಜ್ಜೆಯೂ ತಪ್ಪುತ್ತದೆ.

ಎರಡನೆಯದು: ಎಲೆಗಳು ಕೊಂಬೆಯ ಮೇಲೆ ಹೇಗೆ ಕೂತಿವೆ? ಒಂದು ಗೆಣ್ಣಿನಲ್ಲಿ ಎರಡು, ಎದುರುಬದುರಾಗಿದ್ದರೆ ಒಂದು ಗುಂಪು. ತೇಗ, ನೇರಳೆ, ಶ್ರೀಗಂಧ, ನಂದಿ, ಕೇಪಳ ಇಲ್ಲಿ ಬರುತ್ತವೆ. ಒಂದು ಬಿಟ್ಟು ಒಂದರಂತೆ ಇದ್ದರೆ ಇನ್ನೊಂದು ಗುಂಪು. ಮಾವು, ಹಲಸು, ಅರಳಿ, ಹೊನ್ನೆ ಇಲ್ಲಿಯವು. ಒಂದೇ ಗೆಣ್ಣಿನ ಸುತ್ತ ಮೂರು ಅಥವಾ ಅದಕ್ಕಿಂತ ಹೆಚ್ಚು ಎಲೆ ಬಂದರೆ ಸುತ್ತು. ಹಾಲೆ ಮರಕ್ಕೆ ಸಪ್ತಪರ್ಣಿ ಅಂತ ಹೆಸರು ಬಂದದ್ದು ಈ ಸುತ್ತಿನಿಂದ. ಎಣಿಸಿ ನೋಡಿದರೆ ಏಳೇ ಇರಬೇಕೆಂದಿಲ್ಲ, ಐದು ಆರೂ ಇರುತ್ತವೆ.

ಇಲ್ಲೊಂದು ಕಡೆ ಬಹಳ ಜನ ಎಡವುತ್ತಾರೆ. ಹಾಲೆಯ ಸುತ್ತೂ, ಬೂರುಗದ ಎಲೆಯೂ ದೂರದಿಂದ ಬೆರಳು ಬಿಡಿಸಿದ ಅಂಗೈಯಂತೆಯೇ ಕಾಣುತ್ತವೆ. ಬೂರುಗದಲ್ಲಿ ಐದರಿಂದ ಏಳು ಕಿರುಎಲೆಗಳು ಒಂದು ಉದ್ದ ತೊಟ್ಟಿನ ತುದಿಯಲ್ಲಿ ಸೇರುತ್ತವೆ. ಆ ತೊಟ್ಟು ಉದುರಿದರೆ ಎಲ್ಲವೂ ಒಟ್ಟಿಗೆ ಉದುರುತ್ತವೆ. ಹಾಲೆಯಲ್ಲಿ ಪ್ರತಿ ಎಲೆಯೂ ನೇರವಾಗಿ ಕೊಂಬೆಗೇ ಅಂಟಿದೆ. ಕೆಳಗೆ ಬಿದ್ದ ಎಲೆ ಎತ್ತಿ ನೋಡಿ, ಉತ್ತರ ನೆಲದ ಮೇಲೇ ಇರುತ್ತದೆ.

ಮೂರು ಕಿರುಎಲೆಯವನ್ನೂ ಹೀಗೇ ಬಿಡಿಸಬಹುದು. ಮುತ್ತುಗದಲ್ಲಿ ಅವು ದೊಡ್ಡವು, ದಪ್ಪ, ಒರಟು, ನಡುವಿನದು ಎಲ್ಲಕ್ಕಿಂತ ದೊಡ್ಡದು. ಹಾಲುವಾಣದಲ್ಲಿ ತೆಳು, ಕಾಂಡದ ಮೇಲೆ ಮುಳ್ಳು. ಬಿಲ್ವದ ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಿಂದ ಚುಚ್ಚಿದಂತೆ ಸಣ್ಣ ಚುಕ್ಕಿಗಳು ಹೊಳೆಯುತ್ತವೆ, ಅವು ಎಣ್ಣೆಯ ಗ್ರಂಥಿಗಳು. ಕರಿಬೇವು, ಬೇಲ, ನಿಂಬೆ ಎಲ್ಲದರಲ್ಲೂ ಈ ಚುಕ್ಕಿ ಉಂಟು, ಎಲ್ಲವೂ ಒಂದೇ ಕುಟುಂಬ. ಎಲೆಯನ್ನು ಬೆಳಕಿಗೆ ಹಿಡಿಯುವ ಅಭ್ಯಾಸ ಮಾಡಿಕೊಳ್ಳಿ, ಖರ್ಚಿಲ್ಲ, ಲಾಭ ಬಹಳ.

ಮೂರನೆಯದು ನರ ಮತ್ತು ಅಂಚು. ನೇರಳೆ ಎಲೆಯಲ್ಲಿ ಪಕ್ಕದ ನರಗಳು ಹತ್ತಿರ ಹತ್ತಿರ ಸಾಲಾಗಿ ಓಡಿ, ಅಂಚಿಗೆ ಮುಟ್ಟುವ ಮೊದಲು ಒಂದು ತೆಳು ಗೆರೆಗೆ ಸೇರುತ್ತವೆ. ಆ ಗೆರೆ ಎಲೆಯ ಅಂಚಿನುದ್ದಕ್ಕೂ ಹೊಲಿಗೆ ಹಾಕಿದಂತೆ ಹೋಗುತ್ತದೆ. ಕಾಡಿನಲ್ಲಿ ನೇರಳೆಯ ಬಂಧುಗಳು ಹಲವು, ಎಲ್ಲದರಲ್ಲೂ ಈ ಗೆರೆ ಕಾಣುತ್ತದೆ. ಬೋರೆ ಗಿಡದಲ್ಲಿ ಎಲೆಯ ಬುಡದಿಂದಲೇ ಮೂರು ನರ ಹೊರಡುತ್ತವೆ. ನೆಕ್ಕರಿಕದಲ್ಲೂ ಬುಡದಿಂದ ತುದಿಯವರೆಗೆ ಮೂರರಿಂದ ಐದು ನರ ಬಿಲ್ಲಿನಂತೆ ಬಾಗಿ ಓಡುತ್ತವೆ, ಆದರೆ ಅದರ ಎಲೆ ಎದುರುಬದುರು, ಮುಳ್ಳಿಲ್ಲ.

ಎಲೆಯ ಹಿಂಭಾಗ ನೋಡುವುದನ್ನು ಮರೆಯಬೇಡಿ. ಮತ್ತಿಯ ಎಲೆಯನ್ನು ತಿರುಗಿಸಿ ತೊಟ್ಟಿನ ಹತ್ತಿರ ನಡುನರದ ಮೇಲೆ ನೋಡಿದರೆ ಒಂದೋ ಎರಡೋ ಸಣ್ಣ ಗಂಟಿನಂಥ ಗ್ರಂಥಿ ಇರುತ್ತವೆ. ಲಕ್ಕಿ ಗಿಡದ ಎಲೆ ಮೇಲೆ ಹಸಿರು, ಕೆಳಗೆ ಬಿಳಿ. ತೇಗದ ಎಳೆ ಎಲೆಯನ್ನು ಬೆರಳ ನಡುವೆ ಉಜ್ಜಿದರೆ ಬೆರಳು ಕೆಂಪಾಗುತ್ತದೆ. ಎಷ್ಟೇ ಸಣ್ಣ ಗಿಡವಾಗಿದ್ದರೂ ತೇಗವನ್ನು ಹಾಗೆ ಹಿಡಿದುಬಿಡಬಹುದು.

ಹೊನ್ನೆ, ಬೀಟೆ, ಹೊಂಗೆ: ಒಂದೇ ನೋಟಕ್ಕೆ ಸಿಗದ ಮೂರು

ಇಷ್ಟು ಹೇಳಿದ್ದನ್ನು ಈಗ ಒಟ್ಟಿಗೆ ಬಳಸಿ ನೋಡೋಣ. ಎಲೆ ಉದುರಿಸುವ ಕಾಡಿನಲ್ಲಿ ಒಂದು ದೊಡ್ಡ ಮರದ ಕೆಳಗೆ ನಿಂತಿದ್ದೀರಿ. ಬಿದ್ದ ಒಂದು ಕಡ್ಡಿ ಎತ್ತಿಕೊಂಡಿರಿ. ಎಲೆ ಒಂದು ಬಿಟ್ಟು ಒಂದು. ಪ್ರತಿ ಎಲೆಯಲ್ಲಿ ಐದರಿಂದ ಏಳು ಕಿರುಎಲೆ, ತುದಿಯಲ್ಲಿ ಒಂಟಿ ಕಿರುಎಲೆ. ಇಲ್ಲಿಯವರೆಗೆ ಹೊನ್ನೆ, ಬೀಟೆ, ಹೊಂಗೆ ಮೂರಕ್ಕೂ ಹೊಂದುತ್ತದೆ.

ಈಗ ಕಿರುಎಲೆಗಳು ತಮ್ಮ ಕಡ್ಡಿಯ ಮೇಲೆ ಹೇಗೆ ಕೂತಿವೆ ನೋಡಿ. ಜೋಡಿ ಜೋಡಿಯಾಗಿ ಎದುರುಬದುರು ಇದ್ದು, ತುದಿ ಚೂಪಾಗಿದ್ದರೆ ಹೊಂಗೆ. ಅದರ ಕಾಯಿ ಚಪ್ಪಟೆ, ದಪ್ಪ, ಗಟ್ಟಿ, ಹೆಚ್ಚಾಗಿ ಒಂದೇ ಬೀಜ. ಕಿರುಎಲೆಗಳೂ ಒಂದು ಬಿಟ್ಟು ಒಂದು ಇದ್ದರೆ ಹೊನ್ನೆ ಅಥವಾ ಬೀಟೆ. ಬೀಟೆಯ ಕಿರುಎಲೆ ಹೆಚ್ಚು ಗುಂಡಗೆ. ಹೊನ್ನೆಯದು ಸ್ವಲ್ಪ ಉದ್ದ, ತುದಿಯಲ್ಲಿ ಉಗುರಿನಿಂದ ಕಚ್ಚು ಹಾಕಿದಂತೆ ಸಣ್ಣ ತಗ್ಗು. ಆದರೆ ಬೀಟೆಯಲ್ಲೂ ಕೆಲವು ಎಲೆಗೆ ಈ ತಗ್ಗು ಬರುತ್ತದೆ. ಎಲೆಯೊಂದನ್ನೇ ನಂಬಿ ತೀರ್ಪು ಕೊಡಬಾರದ ಜಾಗ ಇದು.

ಬಗ್ಗಿ ನೆಲ ಕೆದಕಿ. ಹೊನ್ನೆಯ ಕಾಯಿ ಗುಂಡನೆಯ ಬಿಲ್ಲೆಯಂತೆ, ನಡುವೆ ಉಬ್ಬಿದ ಬೀಜ, ಸುತ್ತಲೂ ಕಾಗದದಂಥ ರೆಕ್ಕೆ. ಒಮ್ಮೆ ಕೈಯಲ್ಲಿ ಹಿಡಿದರೆ ಮರೆಯುವುದಿಲ್ಲ. ಬೀಟೆಯದು ತೆಳು ಪಟ್ಟಿಯಂಥ ಕಾಯಿ, ಒಳಗೆ ಒಂದರಿಂದ ಮೂರು ಬೀಜ. ಕಾಯಿ ಸಿಗದಿದ್ದರೆ ಕಾಂಡದಲ್ಲಿ ಹಳೆಯ ಗಾಯ ಹುಡುಕಿ. ರಕ್ತ ಹೆಪ್ಪುಗಟ್ಟಿದಂತೆ ಕಡುಗೆಂಪು ಅಂಟು ಒಣಗಿ ನಿಂತಿದ್ದರೆ ಅದು ಹೊನ್ನೆ. ಹೀಗೆ ಎಲೆ, ಕಾಯಿ, ಅಂಟು ಮೂರೂ ಒಂದೇ ಕಡೆ ಬೆರಳು ತೋರಿಸಿದಾಗ ಹೆಸರು ಬರೆಯಿರಿ. ಒಂದೇ ಗುರುತು ಸಿಕ್ಕಿದ್ದರೆ ಹೆಸರಿನ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ.

ತೊಗಟೆ ಮತ್ತು ಹಾಲು

ಎಲೆ ಐವತ್ತು ಅಡಿ ಮೇಲಿದ್ದಾಗ ತೊಗಟೆಯೇ ಗತಿ. ಮತ್ತಿಯ ತೊಗಟೆ ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಸೀಳಿ ಮೊಸಳೆಯ ಬೆನ್ನಿನಂತೆ ಕಾಣುತ್ತದೆ. ಅದರ ಬಂಧು ಹೊಳೆಮತ್ತಿಯದು ನುಣುಪು, ತಿಳಿಬೂದು, ದೊಡ್ಡ ಹಾಳೆಗಳಾಗಿ ಸುಲಿಯುತ್ತದೆ. ಇಬ್ಬರ ಕಾಯಿಗೂ ಐದು ರೆಕ್ಕೆ, ಮತ್ತಿಯ ರೆಕ್ಕೆ ಅಗಲ. ನಂದಿ ಮರವೂ ನುಣುಪು, ಬಿಳಿಚು, ತೆಳು ಕಾಗದದಂತೆ ಸುಲಿಯುವಂಥದ್ದು. ಎಲೆ ಉದುರಿದ ಕಾಡಿನಲ್ಲಿ ಸಂಜೆ ಬಿಸಿಲಿಗೆ ನಂದಿಯ ಕಾಂಡಗಳು ಸುಣ್ಣ ಬಳಿದಂತೆ ಹೊಳೆಯುತ್ತವೆ. ನನಗೆ ಇಡೀ ಕಾಡಿನಲ್ಲಿ ತುಂಬಾ ಇಷ್ಟವಾದ ನೋಟ ಅದು.

ಎಳೆ ಬೂರುಗದ ಕಾಂಡದ ಮೇಲೆ ಶಂಕುವಿನಾಕಾರದ ದಪ್ಪ ಮುಳ್ಳು ಇರುತ್ತವೆ. ವಯಸ್ಸಾದ ಮರದ ಬುಡದಲ್ಲಿ ಅವು ಸವೆದು ಹೋಗಿರುತ್ತವೆ, ಆಗ ಮೇಲಿನ ಕೊಂಬೆ ನೋಡಬೇಕು. ಜುಮ್ಮನಕಾಯಿ ಮರಕ್ಕೂ ಇಂಥದ್ದೇ ಮುಳ್ಳು. ಅದರ ಎಲೆ ಬೇವಿನಂತೆ ಗರಿ ಗರಿಯಾಗಿರುತ್ತದೆ, ಉಜ್ಜಿದರೆ ನಿಂಬೆಯ ಕಡೆಯ ವಾಸನೆ.

ಮರದಿಂದ ಒಸರುವ ರಸ ದೊಡ್ಡ ಸುಳಿವು. ಆದರೆ ಅದಕ್ಕಾಗಿ ತೊಗಟೆಗೆ ಕತ್ತಿ ಹಾಕಬೇಡಿ. ಕೀಳಲು ಅವಕಾಶ ಇರುವ ಕಡೆ ಒಂದು ಎಲೆಯ ತೊಟ್ಟು ಸಾಕು, ಉಳಿದ ಕಡೆ ಆಗಷ್ಟೇ ಬಿದ್ದ ಕಡ್ಡಿ. ಅದೂ ಹೊಳಗೇರು ಅಲ್ಲ ಅಂತ ಖಾತ್ರಿಯಾದ ಮೇಲೆ. ಬಿಳಿ ಹಾಲು ಬಂದರೆ ಆಲ, ಅತ್ತಿ, ಹಲಸಿನ ಕುಟುಂಬ ಇರಬಹುದು, ಎಕ್ಕ, ಹಾಲೆ, ಕವಳಿ ಇರಬಹುದು, ಕಳ್ಳಿಯೂ ಇರಬಹುದು. ಕಳ್ಳಿ, ಎಕ್ಕದ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ಹಳದಿ ಹಾಲು ಬಂದು ಎಲೆ ಎದುರುಬದುರು ಇದ್ದರೆ ಮುರುಗಲು, ಉಪ್ಪಾಗೆಯ ಗುಂಪು. ಕೆಂಪು ರಸ ಬಂದರೆ ಹೊನ್ನೆ ಅಥವಾ ರಾಮಪತ್ರೆಯ ಗುಂಪು.

ಬಿಳಿ ಹಾಲಿನವುಗಳಲ್ಲಿ ಆಲದ ಬಳಗವನ್ನು ಬೇರೆ ಮಾಡುವುದು ಸುಲಭ. ಎಳೆ ಕೊಂಬೆಯ ಪ್ರತಿ ಗೆಣ್ಣಿನಲ್ಲೂ ಬಳೆ ಹಾಕಿದಂತೆ ಒಂದು ಸುತ್ತು ಗೆರೆ ಕಾಣುತ್ತದೆ. ಚಿಗುರನ್ನು ಮುಚ್ಚಿದ್ದ ಟೋಪಿ ಉದುರಿದ ಗುರುತು ಅದು. ಹಾಲು, ಬಳೆಯಂಥ ಗೆರೆ, ಒಂದು ಬಿಟ್ಟು ಒಂದು ಎಲೆ ಮೂರೂ ಇದ್ದರೆ ಆಲದ ಬಳಗ ಅಥವಾ ಹಲಸಿನ ಹತ್ತಿರದವು. ಆಮೇಲೆ ಒಳಗೆ ಹೋಗಿ: ಬಿಳಲು ನೆಲ ಮುಟ್ಟಿದ್ದರೆ ಆಲ, ಎಲೆಯ ತುದಿ ಬಾಲದಂತೆ ಉದ್ದವಾಗಿದ್ದರೆ ಅರಳಿ, ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಅಂಟಿದ್ದರೆ ಅತ್ತಿ.

ಪೊದೆಗಳಲ್ಲಿ ಮುಳ್ಳನ್ನು ಓದಿ

ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಎಲ್ಲವೂ ಮುಳ್ಳೇ. ಆದರೆ ಒಂದೊಂದರ ಮುಳ್ಳೂ ಬೇರೆ. ಬೋರೆಯಲ್ಲಿ ಜೋಡಿ ಮುಳ್ಳು, ಒಂದು ನೇರ, ಇನ್ನೊಂದು ಕೊಕ್ಕೆ. ಬಟ್ಟೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟವಾಗುವುದು ಆ ಕೊಕ್ಕೆಯಿಂದ. ಕವಳಿಯಲ್ಲಿ ಮುಳ್ಳು ಗಟ್ಟಿ, ಜೋಡಿ, ಎಲೆ ಎದುರುಬದುರು, ಮುರಿದರೆ ಬಿಳಿ ಹಾಲು, ಹೂ ಬಿಳಿ ನಕ್ಷತ್ರ. ಮಂಗಾರೆಗೂ ಎದುರುಬದುರು ಮುಳ್ಳು ಇದೆ, ಆದರೆ ಹಾಲಿಲ್ಲ.

ಮುಳ್ಳಿಲ್ಲದ ಪೊದೆಗಳಲ್ಲಿ ಮುಟ್ಟಿ ನೋಡುವುದೇ ದಾರಿ. ಬಂದರಿಕೆಯ ಎಳೆ ಎಲೆ ಬೆರಳಿಗೆ ಅಂಟುತ್ತದೆ, ಕಾಯಿ ಕಾಗದದ ರೆಕ್ಕೆ ಕಟ್ಟಿದಂತೆ ಹಗುರ. ತಂಗಡಿಯಲ್ಲಿ ಎಲೆಯ ಬುಡದ ಎರಡೂ ಬದಿ ಕಿವಿಯಂಥ ದುಂಡು ಹಾಳೆ ಇರುತ್ತವೆ, ಹೂವಿಲ್ಲದ ಕಾಲದಲ್ಲೂ ಅದೇ ಗುರುತು. ಶ್ರೀಗಂಧದ ಗಿಡದಲ್ಲಿ ಪರಿಮಳ ಹುಡುಕಿ ಮೋಸ ಹೋಗಬೇಡಿ. ಎಲೆಗೂ ಹೂವಿಗೂ ಗಂಧದ ವಾಸನೆ ಇಲ್ಲ, ಅದು ಇರುವುದು ಒಳಗಿನ ಚೇಗಿನಲ್ಲಿ. ಎದುರುಬದುರು ನುಣುಪು ಎಲೆ, ನಾಲ್ಕು ಭಾಗದ ಪುಟ್ಟ ಕಂದುಗೆಂಪು ಹೂ ನೋಡಿ.

ಹೂ ಸಿಕ್ಕಾಗ

ಬಣ್ಣದಿಂದ ಶುರುಮಾಡಬೇಡಿ. ಬಣ್ಣ ಬದಲಾಗುತ್ತದೆ. ಅಗ್ನಿಶಿಖೆಯ ಹೂ ಹಸಿರು ಹಳದಿಯಾಗಿ ಅರಳಿ ದಿನ ಕಳೆದಂತೆ ಕೆಂಪಾಗುತ್ತದೆ. ಎರಡು ದಿನ ಬಿಟ್ಟು ಬಂದವರು ಬೇರೆ ಹೂವೆಂದೇ ತಿಳಿಯುತ್ತಾರೆ. ಬದಲಾಗದ್ದು ಎಣಿಕೆ ಮತ್ತು ರಚನೆ: ಆರು ಎಸಳು ಹಿಂದಕ್ಕೆ ಮಡಚಿ ಮೇಲಕ್ಕೆ ಎದ್ದಿವೆ, ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದಿದೆ. ನೋಡಿ, ಫೋಟೊ ತೆಗೆಯಿರಿ, ಬಾಯಿಗೆ ಮಾತ್ರ ಇಡಬೇಡಿ. ಗೆಡ್ಡೆ ಸೇರಿ ಗಿಡವೆಲ್ಲ ವಿಷ.

ಎಸಳು ಎಷ್ಟು? ಬಿಡಿಯಾಗಿವೆಯಾ, ಬುಡದಲ್ಲಿ ಕೂಡಿ ಕೊಳವೆಯಾಗಿವೆಯಾ? ಹೂವನ್ನು ಯಾವ ಕಡೆಯಿಂದ ಕತ್ತರಿಸಿದರೂ ಎರಡು ಸಮ ಭಾಗ ಆಗುತ್ತದಾ, ಒಂದೇ ಕಡೆಯಿಂದ ಆಗುತ್ತದಾ? ಕೇಸರ ಎಷ್ಟು, ಎಲ್ಲವೂ ಒಂದೇ ಥರ ಇವೆಯಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಬರೆದರೆ ಕುಟುಂಬದ ಹತ್ತಿರಕ್ಕೆ ಬಂದಂತೆ.

ನೆಕ್ಕರಿಕದ ಒಂದು ಹೂವನ್ನು ಮಸೂರದಲ್ಲಿ ನೋಡಿ. ಐದು ನೇರಳೆ ಎಸಳು, ಹತ್ತು ಕೇಸರ. ಐದು ಕೇಸರ ಉದ್ದ, ನೇರಳೆ, ಕುಡುಗೋಲಿನಂತೆ ಬಾಗಿವೆ. ಉಳಿದ ಐದು ಗಿಡ್ಡ, ಹಳದಿ. ದುಂಬಿಯ ಕಣ್ಣು ಹಳದಿಯ ಮೇಲೆ ಬೀಳುತ್ತದೆ. ಅದು ಅಲ್ಲಿ ಪರಾಗ ಕೆದಕುತ್ತಿರುವಾಗ ನೇರಳೆ ಕೇಸರ ಅದರ ಮೈಗೆ ಸದ್ದಿಲ್ಲದೆ ಪರಾಗ ಅಂಟಿಸುತ್ತದೆ. ಇಷ್ಟು ನೋಡಿದ ಮೇಲೆ ನೆಕ್ಕರಿಕ ಮರೆತುಹೋಗುವುದು ಸಾಧ್ಯವೇ ಇಲ್ಲ.

ಹೂ ಅಂತ ಕಂಡದ್ದೆಲ್ಲ ಹೂವಲ್ಲ ಅನ್ನುವುದೂ ಗೊತ್ತಿರಲಿ. ಬೆಳ್ಳೊಟ್ಟಿ ಗಿಡದಲ್ಲಿ ದೂರಕ್ಕೆ ಕಾಣುವ ಬಿಳಿ ಎಲೆಯಂಥದ್ದು ಹೂಬಟ್ಟಲಿನ ಒಂದು ಭಾಗ ಉಬ್ಬಿ ಬೆಳೆದದ್ದು. ನಿಜವಾದ ಹೂ ಅದರ ಪಕ್ಕದ ಪುಟ್ಟ ಕಿತ್ತಳೆ ನಕ್ಷತ್ರ. ಸೂರ್ಯಕಾಂತಿ, ಸೇವಂತಿಗೆಯ ಕುಟುಂಬದ ಕಾಡುಹೂಗಳಲ್ಲಿ ನಾವು ಒಂದು ಹೂ ಅನ್ನುವುದು ಹತ್ತಾರು ಹೂಗಳ ಗುಂಪು. ಒಂದನ್ನು ಬಿಡಿಸಿದರೆ ಒಳಗಿನ ಪ್ರತಿ ಎಳೆಯೂ ಒಂದು ಪೂರ್ತಿ ಹೂ.

ನೆಲಮಟ್ಟದ ಗಿಡಗಳಲ್ಲಿ ಕಾಂಡವನ್ನು ಬೆರಳ ನಡುವೆ ಉರುಳಿಸಿ. ತುಂಬೆಯ ಕಾಂಡ ಚೌಕ, ಎಲೆ ಎದುರುಬದುರು, ಬಿಳಿ ಹೂವಿಗೆ ಎರಡು ತುಟಿ. ತುಳಸಿಯದೂ ಇದೇ ಕುಟುಂಬ, ಇದೇ ಲಕ್ಷಣ. ಹೂವಿನ ಹಿಂದೆ ಬಾಲದಂಥ ಕೊಳವೆ ಇದ್ದು, ಬಲಿತ ಕಾಯಿ ಮುಟ್ಟಿದ ಕೂಡಲೇ ಸಿಡಿದರೆ ಅದು ಕರ್ಣಕುಂಡಲದ ಬಳಗ. ಮಳೆಗಾಲದಲ್ಲಿ ಘಟ್ಟದ ರಸ್ತೆಬದಿಯ ಒದ್ದೆ ಬಂಡೆಗಳ ಮೇಲೆ ಇವು ತುಂಬಿರುತ್ತವೆ.

ಕಾಲವನ್ನೂ ಬರೆದಿಡಿ. ಜನವರಿಯಿಂದ ಮಾರ್ಚ್‌ವರೆಗೆ ಬೂರುಗ, ಮುತ್ತುಗ ಎಲೆ ಉದುರಿಸಿ ಹೂ ಬಿಡುತ್ತವೆ. ಏಪ್ರಿಲ್, ಮೇ ಕಕ್ಕೆಯ ಕಾಲ. ಜೂನ್‌ನಿಂದ ಸೆಪ್ಟೆಂಬರ್ ನೆಲದ ಹೂಗಳದ್ದು. ಪಶ್ಚಿಮ ಘಟ್ಟದ ಗುಡ್ಡಗಳ ಕುರಿಂಜಿಗಳಲ್ಲಿ ಒಂದು ಜಾತಿ 12 ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಅದನ್ನು ಎಲೆಯಿಂದಲೇ ಗುರುತಿಸಲು ಕಲಿಯದಿದ್ದರೆ ನಡುವಿನ 11 ವರ್ಷ ಅದು ನಿಮಗೆ ಬರೀ ಪೊದೆ.

ನಮ್ಮದೋ, ಹೊರಗಿನಿಂದ ಬಂದದ್ದೋ

ಎಲ್ಲ ಕಡೆ ಕಾಣುತ್ತದೆ ಅಂದ ಮಾತ್ರಕ್ಕೆ ಈ ನೆಲದ್ದು ಅಂತ ಹೇಳಲಾಗದು. ಗುಲ್‌ಮೊಹರ್ ಮಡಗಾಸ್ಕರ್‌ನದು. ಮಳೆಮರ ಅಮೆರಿಕ ಖಂಡದ್ದು. ನೀಲಗಿರಿ, ಅಕೇಶಿಯಾ, ಸಿಲ್ವರ್ ಓಕ್ ಆಸ್ಟ್ರೇಲಿಯಾದವು. ಹುಣಸೆ ಬಹಳ ಹಿಂದೆ ಆಫ್ರಿಕಾದಿಂದ ಬಂದದ್ದು. ಮಕ್ಕಳೆಲ್ಲ ಆಟ ಆಡುವ ಮುಟ್ಟಿದರೆ ಮುನಿಯೂ, ಕಾಡನ್ನೆಲ್ಲ ಆವರಿಸಿರುವ ಲಂಟಾನವೂ ಉಷ್ಣವಲಯದ ಅಮೆರಿಕದವು. ಇದು ಗೊತ್ತಾದಾಗ ನನಗೂ ಆಶ್ಚರ್ಯವಾಗಿತ್ತು.

ಕನ್ನಡದ ಹೆಸರೇ ಕೆಲವು ಸಲ ಸುಳಿವು ಕೊಡುತ್ತದೆ. "ಸೀಮೆ" ಅಂತ ಶುರುವಾದರೆ ಹೊರಗಿನಿಂದ ಬಂದದ್ದು ಅಂತಲೇ ಹಿರಿಯರು ಹೇಳಿಟ್ಟಂತೆ. ಸೀಮೆತಂಗಡಿ, ಸೀಮೆಹುಣಸೆ ಎರಡೂ ಹಾಗೆಯೇ. ಆದರೆ "ಕಾಡು" ಅಂತ ಇದ್ದರೆ ನಮ್ಮದು ಅಂತ ನಂಬಬೇಡಿ. ಕೆಲವು ಕಡೆ ದೇವಕಣಗಲೆಗೆ ಕಾಡುಸಂಪಿಗೆ ಅನ್ನುತ್ತಾರೆ, ಅದೂ ಅಮೆರಿಕದಿಂದ ಬಂದದ್ದೇ.

ಜಾಲಿಗಳ ವಿಷಯದಲ್ಲಿ ಜನ ಹೆಚ್ಚು ತಪ್ಪುತ್ತಾರೆ. ನಮ್ಮ ಕರಿಜಾಲಿಯ ಹೂ ಹಳದಿ ಗುಂಡು, ಕಾಯಿ ಮಣಿ ಪೋಣಿಸಿದಂತೆ ಬೀಜ ಬೀಜದ ನಡುವೆ ಸೊಂಟ ಕಟ್ಟಿರುತ್ತದೆ. ಬಳ್ಳಾರಿ ಜಾಲಿ ಹೆಸರಿಗೆ ಬಳ್ಳಾರಿಯದು, ಮೂಲ ಅಮೆರಿಕ. ಅದರ ಹೂ ಉದ್ದ ತೆನೆ, ಕಾಯಿಯಲ್ಲಿ ಆ ಸೊಂಟ ಇಲ್ಲ.

ಹೆಸರು ಬರೆಯುವಾಗ

ಊರಿನವರನ್ನು ಕೇಳಿ. ದನ ಮೇಯಿಸುವವರು, ನಾಟಿ ವೈದ್ಯರು, ಜೇನು ಕೀಳುವವರು ನಮಗಿಂತ ನೂರು ಪಾಲು ಬಲ್ಲರು. "ಇದೇನು ಮರ?" ಅಂತ ಕೇಳುವುದಕ್ಕಿಂತ "ಇದನ್ನ ಹೇಗೆ ಗುರುತು ಹಿಡೀತೀರಿ?" ಅಂತ ಕೇಳಿದರೆ ಹೆಚ್ಚು ಕಲಿಯುತ್ತೀರಿ. ಅವರು ಹೇಳಿದ ಹೆಸರನ್ನು ಊರಿನ ಸಮೇತ ಬರೆದುಕೊಳ್ಳಿ. ಒಂದು ಕಡೆಯ ಮುತ್ತುಗ ಇನ್ನೊಂದು ಕಡೆ ಮುತ್ತಲ. ಕಾರೆ ಅನ್ನುವ ಒಂದೇ ಹೆಸರಲ್ಲಿ ಹಲವು ಮುಳ್ಳುಗಿಡ ಓಡಾಡುತ್ತವೆ. ಅದಕ್ಕೇ ವೈಜ್ಞಾನಿಕ ಹೆಸರನ್ನೂ ಜೊತೆಗೆ ಕಲಿಯುವುದು ಒಳ್ಳೆಯದು. ಅದು ಕಷ್ಟ ಅನ್ನಿಸಿದರೆ ಅರ್ಥ ಹುಡುಕಿ. ಮುತ್ತುಗ ಅಲ್ಲಿ ಬ್ಯೂಟಿಯಾ ಮೊನೊಸ್ಪರ್ಮಾ. ಮೊನೊಸ್ಪರ್ಮಾ ಅಂದರೆ ಒಂದೇ ಬೀಜದ್ದು. ಅದರ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಬೀಜ ಇರುವುದನ್ನು ನೋಡಿದವರಿಗೆ ಆ ಹೆಸರು ತಾನಾಗಿಯೇ ನೆನಪಿರುತ್ತದೆ.

ಫೋಟೊ ತೆಗೆಯುವಾಗ ಹೂವಿನದೊಂದೇ ತೆಗೆದು ಬರಬೇಡಿ. ಇಡೀ ಗಿಡ, ತೊಗಟೆ, ಎಲೆ ಕೂತಿರುವ ಕೊಂಬೆ, ಎಲೆಯ ಮೇಲುಭಾಗ, ಕೆಳಭಾಗ, ಹೂವಿನ ಮುಂದಿನಿಂದ, ಪಕ್ಕದಿಂದ, ಕಾಯಿ ಇದ್ದರೆ ಕಾಯಿ. ಎಲ್ಲೋ ಒಂದರಲ್ಲಿ ಬೆರಳು ಇರಲಿ, ಗಾತ್ರ ತಿಳಿಯುತ್ತದೆ. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿದರೆ ಬಲ್ಲವರು ತಿದ್ದುತ್ತಾರೆ. ಆ್ಯಪ್ ತಾನಾಗಿ ತೋರಿಸುವ ಹೆಸರನ್ನು ಸುಳಿವು ಅಂತ ತೆಗೆದುಕೊಳ್ಳಿ, ಮೇಲಿನ ಗುರುತುಗಳ ಜೊತೆ ನೀವೇ ತಾಳೆ ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಯ ಕರ್ನಾಟಕ ಸಸ್ಯಗಳ ಡಿಜಿಟಲ್ ಸಂಗ್ರಹದಲ್ಲಿ ನಮ್ಮ ರಾಜ್ಯದ ಗಿಡಗಳನ್ನೇ ಹುಡುಕಬಹುದು. ಶ್ರೀಗಂಧ, ಸೀತಾಳೆ ದಂಡೆ ಅನ್ನುವ ಆರ್ಕಿಡ್ ಇಂಥವು ಕಂಡರೆ ಜಾಗದ ವಿವರ ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಕಳ್ಳರೂ ನೋಡುತ್ತಿರುತ್ತಾರೆ.

ಅಭ್ಯಾಸಕ್ಕೆ ಮನೆಯ ಹತ್ತಿರದ ಒಂದು ದಾರಿ ಆರಿಸಿಕೊಳ್ಳಿ. ಹತ್ತು ಗಿಡಮರ ಸಾಕು. 15 ದಿನಕ್ಕೊಮ್ಮೆ ಹೋಗಿ ಚಿಗುರು, ಹೂ, ಕಾಯಿ, ಎಲೆ ಉದುರುವುದು ಏನಾಗಿದೆ ಬರೆಯಿರಿ. ನನ್ನ ನೋಟ್‌ಬುಕ್‌ನ ಕೊನೆಯ ಪುಟಗಳಲ್ಲಿ ಹೆಸರಿಲ್ಲದ ಗಿಡಗಳ ಪಟ್ಟಿ ಇದೆ. ಪ್ರತಿಯೊಂದರ ಮುಂದೆ ಏನು ಸಿಕ್ಕಿಲ್ಲ ಅಂತ ಬರೆದಿರುತ್ತೇನೆ: "ಹಳ್ಳದ ಪಕ್ಕದ ಮರ, ಎದುರುಬದುರು ಎಲೆ, ಹಳದಿ ಹಾಲು, ಕಾಯಿ ನೋಡಿಲ್ಲ." ಮುರುಗಲೋ ಉಪ್ಪಾಗೆಯೋ ಅಂತ ಆ ಕಾಯಿಯೇ ಹೇಳಬೇಕು. ಮುರುಗಲಿನದು ನುಣುಪು ಗುಂಡು, ಉಪ್ಪಾಗೆಯದು ಕುಂಬಳದಂತೆ ಏಣು ಏಣು. ಈ ಬೇಸಿಗೆಗೆ ಮತ್ತೆ ಆ ಹಳ್ಳಕ್ಕೆ ಹೋಗುತ್ತಿದ್ದೇನೆ.